ಎಲ್‌ಪಿಯ ಡಗ್ಗಾ ಎಲ್ಲಿ ಹೋಯಿತು?

ಕಲಬುರಗಿಯ ಹಳೇ ಮನೆಗಳಲ್ಲಿ ಅಪ್ಪ, ಅಜ್ಜ ಕೂಡಿಟ್ಟ ಎಲ್‌ಪಿಗಳು ಇನ್ನೂ ಸಿಗುತ್ತವೆ. ಮಲ್ಲಿಕಾರ್ಜುನ ಮನಸೂರರ ಗಾಯನ, ಖವ್ವಾಲಿ, ಸಿನಿಮಾ ಹಾಡು. ಅವನ್ನು ಕೇಳೋಣ ಅಂತ ಹೊಸ ಟರ್ನ್‌ಟೇಬಲ್ ತಂದು ಹೋಮ್ ಥಿಯೇಟರಿನ ಆಕ್ಸ್‌ಗೆ ಸಿಕ್ಕಿಸುತ್ತಾರೆ. ಹಾಡು ಪಕ್ಕದ ಓಣಿಯಿಂದ ಬಂದಂತೆ ಕೇಳುತ್ತದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ತಬಲಾದ ಡಗ್ಗಾ, ಅಂದರೆ ಆ ದಪ್ಪ ಸದ್ದು, ಇಲ್ಲ. ರೆಕಾರ್ಡ್ ಹಾಳಾಗಿದೆ ಅಂತ ಎತ್ತಿಟ್ಟುಬಿಡುತ್ತಾರೆ. ಹಾಳಾಗಿರುವುದಿಲ್ಲ. ನಡುವೆ ಫೋನೋ ಪ್ರೀಆಂಪ್ ಇಲ್ಲ, ಅಷ್ಟೇ. ಸೂಜಿಯಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸಿ ಸರಿಪಡಿಸುವ ಪುಟ್ಟ ಪೆಟ್ಟಿಗೆ ಅದು.

ಸೂಜಿಯನ್ನು ಹಿಡಿದಿರುವ ಪುಟ್ಟ ಭಾಗವೇ ಕಾರ್ಟ್ರಿಡ್ಜ್. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ (ಎಂಎಂ) ಕಾರ್ಟ್ರಿಡ್ಜ್‌ನಲ್ಲಿ ಸೂಜಿ ಅಲುಗಿದಾಗ ಪುಟ್ಟ ಅಯಸ್ಕಾಂತವೂ ಅಲುಗುತ್ತದೆ. ಪಕ್ಕದ ಕಾಯಿಲ್‌ನಲ್ಲಿ 3ರಿಂದ 5 ಮಿಲಿವೋಲ್ಟ್ ಹುಟ್ಟುತ್ತದೆ. ಆಕ್ಸ್‌ಗೆ ಬೇಕಾದದ್ದು ನೂರಾರು ಮಿಲಿವೋಲ್ಟ್. ಹಾಗಾಗಿ ಸುಮಾರು 100 ಪಟ್ಟು, ಅಂದರೆ 40 ಡೆಸಿಬೆಲ್ ಹಿಗ್ಗಿಸಬೇಕು.

ಆದರೆ ಸದ್ದು ಜಾಸ್ತಿ ಮಾಡಿದರೆ ಸಾಲದು. ದಪ್ಪ ಸ್ವರಗಳನ್ನು ಇದ್ದ ಹಾಗೇ ಕೊರೆದರೆ ರೆಕಾರ್ಡಿನ ಗೆರೆ ಅಗಲವಾಗಿ ಓಲಾಡಿ ಪಕ್ಕದ ಗೆರೆಗೆ ನುಗ್ಗುತ್ತದೆ. ಅದಕ್ಕೇ ಕೊರೆಯುವಾಗ ಅವನ್ನು ತಗ್ಗಿಸುತ್ತಾರೆ. ತೀಕ್ಷ್ಣ ಸ್ವರಗಳನ್ನು ಎತ್ತರಿಸುತ್ತಾರೆ, ಸೂಜಿ ಉಜ್ಜುವ ಚುರ್ರ್ ಸದ್ದಿನಲ್ಲಿ ಅವು ಮುಳುಗಬಾರದಲ್ವಾ? 1,000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್ ಸ್ವರ ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ, 20,000 ಹರ್ಟ್ಸ್ ಸ್ವರ ಸುಮಾರು ಹತ್ತು ಪಟ್ಟಾಗಿರುತ್ತದೆ. ಈ ಅಳತೆಯ ಹೆಸರು ಆರ್‌ಐಎಎ ಕರ್ವ್; ಆರ್‌ಐಎಎ ಅಂದರೆ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ. 1954ರಲ್ಲಿ ಬಂತು. ಪ್ರೀಆಂಪ್ ಇದನ್ನು ತಿರುವುಮುರುವು ಮಾಡುತ್ತದೆ. ಡಗ್ಗಾ ವಾಪಸ್ ಬರುವುದು ಇಲ್ಲೇ. ನನ್ನ ಮಟ್ಟಿಗೆ ಇಡೀ ಯಂತ್ರದ ಅತಿ ಸುಂದರ ಕೆಲಸ ಇದು. (ಹಳೇ 78 ಆರ್‌ಪಿಎಂ ತಟ್ಟೆಗಳಿಗೆ ಈ ಲೆಕ್ಕ ಸರಿಹೊಂದದು. ಆಗ ಒಂದೊಂದು ಕಂಪನಿಗೆ ಒಂದೊಂದು ಅಳತೆ ಇತ್ತು. ಅವಕ್ಕೆ ಅಗಲ ತುದಿಯ ಬೇರೆ ಸೂಜಿಯೂ ಬೇಕು.)

ಪ್ರೀಆಂಪ್ ಕೊಳ್ಳುವ ಮೊದಲು ಟರ್ನ್‌ಟೇಬಲ್‌ನ ಹಿಂಬದಿ ನೋಡಿ. ಫೋನೋ, ಲೈನ್ ಎಂಬ ಸ್ವಿಚ್ ಇದ್ದರೆ ಪ್ರೀಆಂಪ್ ಒಳಗೇ ಇದೆ. ಲೈನ್‌ಗೆ ಇಟ್ಟು ನೇರ ಆಕ್ಸ್‌ಗೆ ಕೊಡಿ. ಅದರ ಮೇಲೆ ಇನ್ನೊಂದು ಪ್ರೀಆಂಪ್ ಸೇರಿಸಿದರೆ ಸದ್ದು ಒಡೆಯುತ್ತದೆ. ಹಳೇ ಪೆಟ್ಟಿಗೆ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಡ್ಜ್‌ಗೂ ಫೋನೋ ಪ್ರೀಆಂಪ್ ಬೇಡ. ಅಯಸ್ಕಾಂತದ ಬದಲು ಕಾಯಿಲೇ ಅಲುಗುವ ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್ ಆದರೆ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟೂ ಬರದು, 60 ಡೆಸಿಬೆಲ್ ಹಿಗ್ಗಿಸುವ ಪ್ರೀಆಂಪ್ ಬೇಕು. ಹೊಸಬರಿಗೆ 47,000 ಓಮ್ ಇನ್‌ಪುಟ್ ಇರುವ ಸಾದಾ ಎಂಎಂ ಪ್ರೀಆಂಪ್ ಸಾಕು. ಉಳಿದ ದುಡ್ಡಲ್ಲಿ ಒಳ್ಳೆಯ ಸೂಜಿ ತನ್ನಿ.

ಜೋಡಿಸುವಾಗ ಆಂಪ್ಲಿಫೈಯರ್ ಆಫ್ ಇರಲಿ. ಪ್ರೀಆಂಪನ್ನು ಟರ್ನ್‌ಟೇಬಲ್ ಹತ್ತಿರವೇ ಇಡಿ. ಇವೆರಡರ ನಡುವಿನ ಕೇಬಲ್ ಉದ್ದವಾದರೆ ಅದರ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಹೆಚ್ಚಿ ತೀಕ್ಷ್ಣ ಸ್ವರಗಳ ರೂಪ ಬದಲಾಗುತ್ತದೆ. ಉದ್ದ ಬೇಕಾದರೆ ಆಂಪ್ಲಿಫೈಯರ್ ಕಡೆಗೆ ಇರಲಿ. ಕೆಂಪು, ಬಿಳಿ ಪಿನ್‌ಗಳ ಜೊತೆ ಬರುವ ತೆಳು ವೈರನ್ನು ಪ್ರೀಆಂಪ್‌ನ ಗ್ರೌಂಡ್ ಸ್ಕ್ರೂಗೆ ಬಿಗಿಯಿರಿ. ಗೋಡೆಯ ಸಾಕೆಟ್ಟಿಗೆ ಖಂಡಿತ ಬೇಡ. ಈ ವೈರ್ ಸಡಿಲವಿದ್ದರೆ ಗುಂಯ್ ಅನ್ನುವ 50 ಹರ್ಟ್ಸ್ ಸದ್ದು ಬರುತ್ತದೆ. ಬಿಗಿದ ಮೇಲೂ ನಿಲ್ಲದಿದ್ದರೆ ಇನ್ವರ್ಟರ್, ಸ್ಟೆಬಿಲೈಜರ್, ಕೂಲರ್‌ಗಳಿಂದ ಪ್ರೀಆಂಪನ್ನು ದೂರ ಸರಿಸಿ ನೋಡಿ. ನಮ್ಮ ಒಣ ಬೇಸಿಗೆಯಲ್ಲಿ ಕೇಳುವ ಚಟಪಟ ಬೇರೆ. ಅದು ರೆಕಾರ್ಡಿಗೆ ಅಂಟಿದ ಸ್ಥಿರ ವಿದ್ಯುತ್ತು ಮತ್ತು ಧೂಳು, ಕಾರ್ಬನ್ ಫೈಬರ್ ಬ್ರಷ್‌ನಿಂದ ಒರೆಸಿದರೆ ಬಹುಪಾಲು ಹೋಗುತ್ತದೆ.