‘ಅರೆಸ್ಟೇ ಆಗಿಲ್ಲವಲ್ಲ ಸಾರ್!’

ಟೆಕ್ಸಸ್‌ನಲ್ಲಿರುವ ಕನ್ನಡಿಗರು ಇಮಿಗ್ರೇಷನ್ ವಕೀಲರಿಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಗಾಂಜಾ ಕಾನೂನು ಬದಲಾಗಲಿ ಎಂದು ಹಣ ಕೂಡಿಸಲು ಕಂಟ್ರಿ ಸಂಗೀತದ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ಎಚ್-1ಬಿ (ಉದ್ಯೋಗ ವೀಸಾ) ಇರುವವರು ಹೋದರೆ ತೊಂದರೆ ಆಗುತ್ತದೆಯೇ?

ಧಾರಾಳವಾಗಿ ಹೋಗಿ. ಹಾಡು ಕೇಳುವುದಾಗಲಿ, ವೇದಿಕೆಯ ಭಾಷಣಕ್ಕೆ ಚಪ್ಪಾಳೆ ತಟ್ಟುವುದಾಗಲಿ ಅಪರಾಧವಲ್ಲ. ಪಕ್ಕದವರು ಸೇದಿದ ಹೊಗೆ ನಿಮ್ಮ ಅಂಗಿಗೆ ಅಂಟಿದರೆ ಅದೂ ಅಪರಾಧವಲ್ಲ. ಈಗಿನ ವಾತಾವರಣದಲ್ಲಿ ಯಾವುದಕ್ಕೂ ಬರೆದುಕೊಟ್ಟ ಖಾತರಿ ಸಿಗದು, ಆದರೆ ಕಾರ್ಯಕ್ರಮಕ್ಕೆ ಹೋಗಿದ್ದಷ್ಟರಿಂದಲೇ ವೀಸಾ ಹೋಗುವ ಕಾನೂನು ಸದ್ಯಕ್ಕಿಲ್ಲ.

ತಲೆನೋವು ಶುರುವಾಗುವುದು ಇದರ ಬೆನ್ನಿಗೇ ಬರುವ ಮಾತಿನಿಂದ. ‘ಅಲ್ಲಿ ಒಂದು ದಮ್ ಎಳೆದರೆ ಏನಾಯಿತು ಬಿಡಿ, ಅರೆಸ್ಟ್ ಆದರೆ ತಾನೇ ಕೇಸು?’ ಎಂಜಿನಿಯರುಗಳು, ಡಾಕ್ಟರುಗಳು, ಪಿಎಚ್‌ಡಿ ಮಾಡಿದವರು ಎಲ್ಲರೂ ಹೀಗೇ ಕೇಳುತ್ತಾರೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಎರಡು ಸಲ ಓದಿ.

ಅಮೆರಿಕದ ವಲಸೆ ಕಾಯ್ದೆಯ 212(ಎ)(2) ಕಲಮು ಮಾದಕ ವಸ್ತುವಿನ ಅಪರಾಧದಲ್ಲಿ ಶಿಕ್ಷೆಯಾದವರ ಜೊತೆಗೆ, ಅಪರಾಧ ಮಾಡಿದ್ದೇನೆಂದು ಒಪ್ಪಿಕೊಂಡವರನ್ನೂ ಒಳಗೆ ಬಿಡಬೇಡಿ ಎನ್ನುತ್ತದೆ. ಪೊಲೀಸರು ಹಿಡಿದಿರಬೇಕಿಲ್ಲ, ಕೋರ್ಟು ನೋಡಿರಬೇಕಿಲ್ಲ. ನಿಮ್ಮ ಬಾಯಿಂದ ಬಂದ ಮಾತೇ ಸಾಕ್ಷಿ, ಅದೇ ತೀರ್ಪು. ಯಾವ ಮಾತನ್ನು ಒಪ್ಪಿಗೆ ಎನ್ನಬೇಕು ಎಂಬುದಕ್ಕೆ 1957ರ ಮ್ಯಾಟರ್ ಆಫ್ ಕೆ ತೀರ್ಪಿನಲ್ಲಿ ಷರತ್ತುಗಳಿವೆ: ಅಪರಾಧದ ಅಂಶಗಳನ್ನು ಅಧಿಕಾರಿ ಮೊದಲೇ ನಿಮಗೆ ಅರ್ಥವಾಗುವಂತೆ ವಿವರಿಸಿರಬೇಕು, ನೀವು ಒತ್ತಾಯವಿಲ್ಲದೆ ಒಪ್ಪಿರಬೇಕು. ಈ ತೀರ್ಪು ಅಧಿಕಾರಿಗಳಿಗೂ ಗೊತ್ತು. ಅವರು ವ್ಯಾಖ್ಯೆ ಓದಿ ಹೇಳಿ, ಪ್ರಶ್ನೋತ್ತರ ಟೈಪ್ ಮಾಡಿ, ಕೆಳಗೆ ನಿಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಷರತ್ತು ಪಾಲಿಸಿಲ್ಲ ಎಂದು ವಾದಿಸಲು ವಕೀಲರಿಗೆ ಉಳಿಯುವ ಜಾಗ ಕಡಿಮೆ.

‘ಕೊಲರಾಡೋದಲ್ಲಿ ಅದು ಲೀಗಲ್ ತಾನೇ?’ ರಾಜ್ಯದ ಕಾನೂನಿನಲ್ಲಿ ಲೀಗಲ್. ವೀಸಾ ಕೊಡುವುದು ಕೇಂದ್ರ ಸರ್ಕಾರ, ಅದರ ಪಟ್ಟಿಯಲ್ಲಿ ಗಾಂಜಾ ಇನ್ನೂ ಇದೆ. ಆ ಪಟ್ಟಿಯ ಒಂದನೇ ಶೆಡ್ಯೂಲಿನಿಂದ (ಅತಿ ಕಟ್ಟುನಿಟ್ಟಿನ ವರ್ಗ) ಮೂರನೆಯದಕ್ಕೆ ಇಳಿಸುವ ಪ್ರಸ್ತಾಪ 2024ರ ಮೇ ತಿಂಗಳಲ್ಲಿ ಬಂತು, ಅದನ್ನು ಓದಿ ಅನೇಕರು ನಿಟ್ಟುಸಿರು ಬಿಟ್ಟರು. ವಲಸೆ ಕಾಯ್ದೆ ಒಂದರಿಂದ ಐದರವರೆಗಿನ ಯಾವ ಶೆಡ್ಯೂಲನ್ನೂ ಬಿಡುವುದಿಲ್ಲ. ಮೂರಕ್ಕೆ ಇಳಿದರೂ ನಿಮ್ಮ ಪಾಲಿಗೆ ಕಥೆ ಅದೇ.

ಹಾಗಾದರೆ ಸುಳ್ಳು ಹೇಳಬೇಕೇ? ಖಂಡಿತ ಬೇಡ. ವೀಸಾ ಅಧಿಕಾರಿಯೆದುರು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಬೇರೆಯದೇ ನಿಷೇಧ, ಆಜೀವ ಅಂಟಿಕೊಳ್ಳುತ್ತದೆ. ವೀಸಾ ಅರ್ಜಿಯ ಡಿಎಸ್-160 ಫಾರ್ಮಿನಲ್ಲಿ ಮಾದಕ ವಸ್ತು ಕಾನೂನು ಮುರಿದಿದ್ದೀರಾ ಎಂಬ ಪ್ರಶ್ನೆ ನೇರವಾಗಿಯೇ ಇದೆ. ಪೌರತ್ವದ ಎನ್-400 ಫಾರ್ಮು ಅರೆಸ್ಟ್ ಆಗದ ಅಪರಾಧಗಳನ್ನೂ ಕೇಳುತ್ತದೆ. ಉತ್ತರ ಗಂಟಲಲ್ಲಿ ಸಿಕ್ಕಿಕೊಳ್ಳುವಂತಿದ್ದರೆ ಫಾರ್ಮ್ ತುಂಬುವ ಮೊದಲು ವಕೀಲರ ಹತ್ತಿರ ಹೋಗಿ. ಏರ್‌ಪೋರ್ಟಿನ ಕೌಂಟರಿನಲ್ಲಿ ಕೇಳಿದರೆ ‘ವಕೀಲರನ್ನು ಕೇಳದೆ ಉತ್ತರಿಸಲಾರೆ’ ಎನ್ನಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಹಾಗೆನ್ನಲು ಗಟ್ಟಿ ನೆಲವಿದೆ. ವೀಸಾದವರನ್ನು ಅಷ್ಟಕ್ಕೇ ವಾಪಸ್ ಕಳಿಸಿದರೂ ಕಳಿಸಬಹುದು. ಹಾಗಾದರೂ ಫೈಲಿನಲ್ಲಿ ಒಪ್ಪಿಗೆಯ ಹೇಳಿಕೆ ಇರುವುದಿಲ್ಲ.

ಬಾಯಿಯಷ್ಟೇ ಮಾತಾಡುತ್ತದೆ ಎಂದುಕೊಳ್ಳಬೇಡಿ, ಫೋನೂ ಮಾತಾಡುತ್ತದೆ. 2025ರ ಡಿಸೆಂಬರ್‌ನಿಂದ ಎಚ್-1ಬಿ, ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಅರ್ಜಿದಾರರೂ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕಾಗಿದೆ. ಹ್ಯಾಟು ಹಾಕಿಕೊಂಡು ಗಿಟಾರಿನ ಮುಂದೆ ತೆಗೆಸಿಕೊಂಡ ಫೋಟೋಗೆ ಯಾರದೂ ತಕರಾರಿಲ್ಲ, ಬೆರಳ ಸಂದಿನಲ್ಲಿ ಸಿಗರೇಟಿನಂಥದ್ದು ಹಿಡಿದು ‘ಹೈ ಇನ್ ಆಸ್ಟಿನ್’ ಎಂದು ಬರೆದುಕೊಂಡ ಫೋಟೋ ಬೇರೆ ಮಾತು. ಗೆಳೆಯರಿಗೆಲ್ಲ ಸೇರಿಸಿ ಒಬ್ಬರೇ ಕೊಂಡು, ವೆನ್ಮೋ ಎಂಬ ಹಣ ಪಾವತಿ ಆ್ಯಪ್‌ನಲ್ಲಿ ಎಲೆಯ ಚಿತ್ರ ಹಾಕಿ ದುಡ್ಡು ವಸೂಲಿ ಮಾಡುವ ಜಾಣರೂ ಇದ್ದಾರೆ. ಮಾರಾಟಗಾರ ಎಂದು ಶಂಕಿಸಲು ಕಾರಣವಿದ್ದರೆ ಸಾಕು, ವೀಸಾ ನಿರಾಕರಿಸಬಹುದು. ಅದಕ್ಕೆ ಶಿಕ್ಷೆ ಬೇಡ, ಒಪ್ಪಿಗೆಯೂ ಬೇಡ.

ಇನ್ನು ಟೆಕ್ಸಸ್‌ನ ತಕ್ಕಡಿ. ಎರಡು ಔನ್ಸಿನೊಳಗಿನ ಗಾಂಜಾ ಸೊಪ್ಪು ಇಲ್ಲಿ ಕ್ಲಾಸ್ ಬಿ ಅಪರಾಧ: 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಗಾಂಜಾ ಸತ್ವದ ಗಮ್ಮಿ (ಜೆಲ್ಲಿ ಮಿಠಾಯಿ) ಮತ್ತು ವೇಪ್ ಎಣ್ಣೆ (ಇ-ಸಿಗರೇಟಿನ ದ್ರವ) ಇದಕ್ಕಿಂತ ಹಗುರ ಎಂದು ಎಲ್ಲರೂ ತಿಳಿದಿರುತ್ತಾರೆ, ವಾಸ್ತವ ತಿರುವುಮುರುವು. ಅವು ಟೆಕ್ಸಸ್ ಕಾನೂನಿನ ಪೆನಾಲ್ಟಿ ಗ್ರೂಪ್ 2 ಎಂಬ ಬೇರೆ ಪಟ್ಟಿಗೆ ಸೇರುತ್ತವೆ. ಒಂದು ಗ್ರಾಮಿಗಿಂತ ಕಡಿಮೆ ಇದ್ದರೂ ಫೆಲನಿ, ಅಂದರೆ ಗಂಭೀರ ಅಪರಾಧ. ತೂಕ ಹಾಕುವಾಗ ಸಕ್ಕರೆ, ಜೆಲಾಟಿನ್ ಎಲ್ಲ ಸೇರಿಸಿಯೇ ಹಾಕುತ್ತಾರೆ. ನಾಲ್ಕು ಗ್ರಾಮಿನ ಹತ್ತು ಗಮ್ಮಿಗಳ ಪೊಟ್ಟಣದ ಮೇಲೆ 100 ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಎಂದು ಬರೆದಿರುತ್ತದೆ, ಆರೋಪಪಟ್ಟಿಯಲ್ಲಿ ಅದು 40 ಗ್ರಾಂ. ನಾಲ್ಕರಿಂದ 400 ಗ್ರಾಮಿನವರೆಗೆ ಎರಡನೇ ದರ್ಜೆಯ ಫೆಲನಿ, 2ರಿಂದ 20 ವರ್ಷ ಜೈಲು. ಮಳಿಗೆಯಲ್ಲಿ ‘ಹೆಂಪ್ (ಟಿಎಚ್‌ಸಿ ತೀರ ಕಡಿಮೆ ಇರುವ ಗಾಂಜಾ ಗಿಡ), ಪೂರ್ತಿ ಲೀಗಲ್’ ಎಂದು ಮಾರುವ ಸರಕನ್ನೂ ನಂಬಿ ಕೊಳ್ಳಬೇಡಿ. 2018ರ ಕೇಂದ್ರ ಕಾಯ್ದೆ ಇಟ್ಟ ಮಿತಿ ಒಣ ತೂಕದಲ್ಲಿ 0.3 ಶೇಕಡಾ ಡೆಲ್ಟಾ-9 ಟಿಎಚ್‌ಸಿ, ಆ ವ್ಯಾಖ್ಯೆಯನ್ನೂ 2025ರ ನವೆಂಬರ್‌ನಲ್ಲಿ ಇನ್ನಷ್ಟು ಬಿಗಿ ಮಾಡಿದ್ದಾರೆ. ಒಳಗಿರುವುದು ಮಿತಿಯೊಳಗಿದೆಯೋ ಮೀರಿದೆಯೋ ಎಂಬುದು ಲ್ಯಾಬಿನ ವರದಿ ಬಂದಾಗಲೇ ತಿಳಿಯುವುದು.

ಆಸ್ಟಿನ್ ಮತದಾರರು ಸಣ್ಣ ಪ್ರಮಾಣಕ್ಕೆ ಅರೆಸ್ಟ್ ಬೇಡವೆಂದು 2022ರ ಮೇನಲ್ಲಿ ಮತ ಹಾಕಿದರು, ರಾಜ್ಯ ಸರ್ಕಾರ 2024ರಲ್ಲಿ ಅದರ ವಿರುದ್ಧ ಕೋರ್ಟಿಗೆ ಹೋಯಿತು. ನಗರದ ಮಾತು ಹೆದ್ದಾರಿಯಲ್ಲಿ ನಡೆಯುವುದೂ ಇಲ್ಲ. ವಿಲ್ಲಿ ನೆಲ್ಸನ್ ಅವರನ್ನೇ ನೋಡಿ. ಗಾಂಜಾ ಸುಧಾರಣೆಗಾಗಿ 1970ರಿಂದ ದುಡಿಯುತ್ತಿರುವ ನಾರ್ಮಲ್ ಸಂಸ್ಥೆಯ ಸಲಹಾ ಮಂಡಳಿಯಲ್ಲಿ ಹಿರಿಯ ಹೆಸರು ಅವರದು, ಕಂಟ್ರಿ ಸಂಗೀತದಲ್ಲಂತೂ ಕೇಳುವುದೇ ಬೇಡ. 2010ರ ನವೆಂಬರ್‌ನಲ್ಲಿ ಎಲ್ ಪಾಸೋದಿಂದ ಪೂರ್ವಕ್ಕೆ ಐ-10 ಹೆದ್ದಾರಿಯಲ್ಲಿ ಸಿಗುವ ಸಿಯೆರಾ ಬ್ಲಾಂಕಾ ಚೆಕ್‌ಪೋಸ್ಟಿನಲ್ಲಿ ಗಡಿ ಕಾವಲು ಪಡೆಯವರು (ಬಾರ್ಡರ್ ಪಟ್ರೋಲ್) ಅವರ ಬಸ್ ನಿಲ್ಲಿಸಿದರು, ಸುಮಾರು ಆರು ಔನ್ಸ್ ಸಿಕ್ಕಿತು. 2,500 ಡಾಲರ್ ಬಾಂಡ್ ಕೊಟ್ಟು ಹೊರಬಂದವರು ಅದೇ ಬಿಸಿಯಲ್ಲಿ ಟೀಪಾಟ್ ಪಾರ್ಟಿ ಎಂದು ಚಳವಳಿಯನ್ನೇ ಹುಟ್ಟುಹಾಕಿದರು. ಅವರು ಹುಟ್ಟಾ ಅಮೆರಿಕನ್ನರು, ಅವರನ್ನು ದೇಶದಿಂದ ಕಳಿಸುವಂತಿಲ್ಲ. ಗಾಂಜಾ ಲೀಗಲ್ ಆಗಿರುವ ನೆರೆರಾಜ್ಯ ನ್ಯೂ ಮೆಕ್ಸಿಕೋದಲ್ಲಿ ಬಿಲ್ ಹಾಕಿಸಿ ಕೊಂಡದ್ದನ್ನು ಡಿಕ್ಕಿಯಲ್ಲಿಟ್ಟು ಅದೇ ರಸ್ತೆಯಲ್ಲಿ ಬರುವ ಎಚ್-1ಬಿ ಕುಟುಂಬದ ಗತಿ ಬೇರೆ.

ಟಿಕೆಟ್ ಕೊಳ್ಳುವ ಮೊದಲು ಹಣ ಯಾರಿಗೆ ಹೋಗುತ್ತದೆ ನೋಡಿ, ಇದು ಪುಟದ ತಳದಲ್ಲಿ ಸಣ್ಣಕ್ಷರದಲ್ಲಿರುತ್ತದೆ. 501(ಸಿ)(3) ಅಥವಾ 501(ಸಿ)(4) ಎಂಬ ಲಾಭರಹಿತ ಸಂಸ್ಥೆಯಾದರೆ ಚಿಂತೆಯಿಲ್ಲ, ನಾಲ್ಕರದಕ್ಕೆ ಕೊಟ್ಟ ಹಣಕ್ಕೆ ನಿಮಗೆ ತೆರಿಗೆ ವಿನಾಯಿತಿ ಸಿಗದು ಅಷ್ಟೇ. ಅಭ್ಯರ್ಥಿಗೋ ಚುನಾವಣಾ ಸಮಿತಿಗೋ ಹೋಗುವ ಹಣವಾದರೆ ಟಿಕೆಟಿನ ಪೂರ್ತಿ ಬೆಲೆಯೇ ದೇಣಿಗೆ, ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಅದನ್ನು ಕೊಡುವಂತಿಲ್ಲ.

ಗೇಟಿನ ಬಳಿ ನಗುನಗುತ್ತಾ ಕ್ಲಿಪ್‌ಬೋರ್ಡ್ ಹಿಡಿದು ನಿಂತವರನ್ನು ಕಂಡರೆ ನೀವೂ ನಕ್ಕು ಮುಂದೆ ನಡೆಯಿರಿ. ಅದರಲ್ಲಿರುವುದು ಮತದಾರರ ಸಹಿ ಸಂಗ್ರಹ ಅಥವಾ ಮತದಾರರ ನೋಂದಣಿ ಅರ್ಜಿ. ನೋಂದಣಿ ಅರ್ಜಿಯಲ್ಲಿ ‘ನಾನು ಅಮೆರಿಕದ ಪ್ರಜೆ’ ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದರೆ ಪೌರತ್ವ ಇದೆಯೆಂದು ಸುಳ್ಳು ಹೇಳಿಕೊಂಡಂತಾಗುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೂ ಇದು ಅನ್ವಯ. ಗಾಂಜಾದ ಸಣ್ಣ ಪ್ರಕರಣಕ್ಕೆ ಒಂದಾದರೂ ಮಾಫಿ (ವೇವರ್) ಪಡೆಯುವ ದಾರಿ ಇದೆ, ಇದಕ್ಕೆ ಗ್ರೀನ್ ಕಾರ್ಡಿನ ಹಾದಿಯಲ್ಲಿ ಮಾಫಿಯೇ ಇಲ್ಲ. ಒಳ್ಳೆಯ ಮನಸ್ಸಿನಿಂದ ಸಹಿ ಹಾಕಿದವರು ಇದರಲ್ಲಿ ಸಿಕ್ಕಿಕೊಂಡಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ವಾಪಸ್ ಬರುವಾಗ ಕುಡಿಯದ, ಸೇದದ ಒಬ್ಬರು ಕಾರು ಓಡಿಸಲಿ. ಅಮಲಿನ ಚಾಲನೆಗೆ ಅರೆಸ್ಟ್ ಆದರೆ, ಕೋರ್ಟು ನಿರ್ದೋಷಿ ಎನ್ನುವ ಮೊದಲೇ ಪಾಸ್‌ಪೋರ್ಟಿನಲ್ಲಿರುವ ವೀಸಾ ರದ್ದಾಗಿದೆ ಎಂದು ಕಾನ್ಸುಲೇಟಿನಿಂದ ಇಮೇಲ್ ಬರಬಹುದು. ಇಲ್ಲಿ ಕೆಲಸ ಮುಂದುವರಿಸಬಹುದು, ಊರಿಗೆ ಹೋದರೆ ಮಾತ್ರ ಹೊಸ ಸ್ಟಾಂಪಿಂಗ್ (ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ), ಅದಕ್ಕೂ ಮೊದಲು ಅವರು ಗೊತ್ತುಮಾಡಿದ ವೈದ್ಯರ ತಪಾಸಣೆ. ಆ ವೈದ್ಯರು ನಿಮ್ಮ ಮನೆ ಡಾಕ್ಟರಲ್ಲ. ಅವರೆದುರು ಆಡಿದ್ದು ವರದಿಗೆ ಸೇರುತ್ತದೆ.

ಕೇಸು ಆಗಿಯೇಬಿಟ್ಟರೆ, ಕ್ರಿಮಿನಲ್ ವಕೀಲರು ‘ಡಿಫರ್ಡ್ ಅಡ್ಜುಡಿಕೇಷನ್ ತಗೊಳ್ಳಿ, ದಾಖಲೆ ಇರಲ್ಲ’ ಎಂದಾಗ ತಲೆಯಾಡಿಸಿ ಸಹಿ ಹಾಕಬೇಡಿ. ಅದು ತಪ್ಪು ಒಪ್ಪಿಸಿಕೊಂಡು ತೀರ್ಪನ್ನು ಮುಂದೂಡುವ ಏರ್ಪಾಡು. ತಪ್ಪೊಪ್ಪಿಗೆ ಸಲ್ಲಿಸಿ, ಕೋರ್ಟು ಯಾವುದೇ ನಿರ್ಬಂಧ ಹೇರಿದರೆ ವಲಸೆ ಕಾಯ್ದೆಯ ಲೆಕ್ಕದಲ್ಲಿ ಅದು ಶಿಕ್ಷೆಯೇ. ತಪ್ಪೊಪ್ಪಿಗೆ ಇಲ್ಲದ ಪ್ರೀ-ಟ್ರಯಲ್ ಡೈವರ್ಷನ್ (ವಿಚಾರಣೆಗೆ ಮೊದಲೇ ಷರತ್ತಿನ ಮೇಲೆ ಕೇಸು ಬಿಡುವುದು) ಸಾಮಾನ್ಯವಾಗಿ ಹಾಗಲ್ಲ, ಆದರೂ ಒಪ್ಪಂದದ ಕಾಗದವನ್ನು ಇಮಿಗ್ರೇಷನ್ ವಕೀಲರು ಮೊದಲು ಓದಲಿ. 30 ಗ್ರಾಮಿನೊಳಗಿನ ಒಂದೇ ಒಂದು ಸ್ವಂತ ಬಳಕೆಯ ಪ್ರಕರಣವಿದ್ದರೆ ಗ್ರೀನ್ ಕಾರ್ಡಿನವರನ್ನು ಗಡೀಪಾರು ಮಾಡುವಂತಿಲ್ಲ. ಅದೇ ವ್ಯಕ್ತಿ ತಂಗಿಯ ಮದುವೆಗೆಂದು ಬೆಂಗಳೂರಿಗೆ ಹೋಗಿ ಮರಳಿದರೆ ಏರ್‌ಪೋರ್ಟಿನಲ್ಲಿ ಹೊಸದಾಗಿ ಪ್ರವೇಶ ಕೇಳುವವನ ಸಾಲಿಗೆ ಬೀಳುತ್ತಾನೆ, ಅಲ್ಲಿ ಈ ವಿನಾಯಿತಿ ತಾನಾಗಿ ಸಿಗುವುದಿಲ್ಲ, ಮಾಫಿಗೆ ಅರ್ಜಿ ಹಾಕಬೇಕು. ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಕೋರ್ಟಿನ ದೃಢೀಕೃತ ಡಿಸ್ಪೊಸಿಷನ್ (ಕೇಸು ಹೇಗೆ ಮುಗಿಯಿತೆಂಬ ದಾಖಲೆ) ಮತ್ತು ಪೊಲೀಸ್ ವರದಿಯ ಪ್ರತಿ ತನ್ನಿ. ಗ್ರಾಮಿನ ಲೆಕ್ಕ ಎಷ್ಟೋ ಸಲ ವರದಿಯಲ್ಲೇ ಇರುತ್ತದೆ, ಡಿಸ್ಪೊಸಿಷನ್‌ನಲ್ಲಿ ಇರುವುದಿಲ್ಲ.