ಮೊಹರು, ಕೀಲಿ, ಡೋಂಗಲ್

ಗದಗ ಜಿಲ್ಲೆಯ ಸೂಡಿಗೆ ಹೋದವರು ಜೋಡು ಕಳಸದ ಗುಡಿ ನೋಡುತ್ತಾರೆ, ನಾಗಕುಂಡದ ಮೆಟ್ಟಿಲಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಬಸ್ಸು ಹಿಡಿಯುತ್ತಾರೆ. ಊರಿನ ಶಾಸನಗಳನ್ನು ಕೇಳಿಕೊಂಡು ಹೋಗುವವರು ಕಡಿಮೆ. ಅವುಗಳಲ್ಲಿ 1010ರ ಒಂದು ಶಾಸನ, ಕಿಸುಕಾಡು ಎಪ್ಪತ್ತನ್ನು, ಅಂದರೆ ಎಪ್ಪತ್ತು ಹಳ್ಳಿಗಳ ಕಿಸುಕಾಡು ನಾಡನ್ನು, ಅಕ್ಕಾದೇವಿ ಆಳುತ್ತಿದ್ದಳು ಎನ್ನುತ್ತದೆ. ಈಕೆ ಚಕ್ರವರ್ತಿಯ ಹೆಂಡತಿಯಲ್ಲ, ಗಂಡ ಸತ್ತನೆಂದು ಗಾದಿಗೆ ಬಂದವಳೂ ಅಲ್ಲ. ಕಲ್ಯಾಣ ಚಾಲುಕ್ಯರ ಮನೆಮಗಳು. ಸೋದರರಾದ ಐದನೇ ವಿಕ್ರಮಾದಿತ್ಯ, ಎರಡನೇ ಜಯಸಿಂಹ, ಆಮೇಲೆ ಜಯಸಿಂಹನ ಮಗ ಒಂದನೇ ಸೋಮೇಶ್ವರ, ಹೀಗೆ ಮೂವರ ಕಾಲದಲ್ಲೂ ಅಧಿಕಾರದಲ್ಲಿದ್ದಳು. ಲೆಕ್ಕ ಹಾಕಿದರೆ ನಲವತ್ತು ವರ್ಷಕ್ಕೆ ಕಡಿಮೆಯಿಲ್ಲ. 1047ರ ಸುಮಾರಿಗೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಳು. ‘ರಣಭೈರವಿ’ ಎಂಬ ಬಿರುದು ಇತ್ತು, ‘ಗುಣದ ಬೆಡಂಗಿ’ ಎಂಬುದೂ ಇತ್ತು.

ಬಿರುದನ್ನು ನಂಬಿ ಇತಿಹಾಸ ಬರೆಯಲು ಹೋದರೆ ಜಾರಿ ಬೀಳುತ್ತೇವೆ. ಬಿರುದು ಕವಿಯ ಕೈಯಲ್ಲಿತ್ತು, ಕಂದಾಯ ಕವಿಯ ಕೈಯಲ್ಲಿರಲಿಲ್ಲ. ಹೆಣ್ಣೊಬ್ಬಳು ನಿಜಕ್ಕೂ ಆಳಿದಳೇ ಎಂದು ಶಾಸನದಿಂದ ತಿಳಿಯಬೇಕಾದರೆ ಮೊದಲು ಕ್ರಿಯಾಪದ ನೋಡಬೇಕು. ಚಾಲುಕ್ಯ ಶಾಸನಗಳ ಅಚ್ಚು ಹೆಚ್ಚುಕಡಿಮೆ ಒಂದೇ. ಮೊದಲು ಚಕ್ರವರ್ತಿಯ ಹೆಸರು, ಅವನ ರಾಜ್ಯ ‘ಆಚಂದ್ರಾರ್ಕತಾರಂ ಸಲುತ್ತಮಿರೆ’, ಅಂದರೆ ಸೂರ್ಯ ಚಂದ್ರ ತಾರೆ ಇರುವತನಕ ನಡೆಯುತ್ತಿರಲು. ಅದಾದ ಮೇಲೆ ಆ ಸೀಮೆಯನ್ನು ನೋಡಿಕೊಳ್ಳುವವರ ಹೆಸರು. ಅಲ್ಲಿ ನಾಡಿನ ಹೆಸರೂ ಅದರ ಸಂಖ್ಯೆಯೂ ಇದ್ದು, ‘ಆಳುತ್ತಮಿರೆ’ ಅಥವಾ ‘ಅರಸುಗೆಯ್ಯುತ್ತಮಿರೆ’ ಎಂದಿದ್ದರೆ ಅದು ಅಧಿಕಾರ. ಕೊನೆಯಲ್ಲಿ ಶಕವರ್ಷ ಮತ್ತು ಸಂವತ್ಸರ (ಶಕಕ್ಕೆ 78 ಕೂಡಿಸಿದರೆ ಇಸವಿ), ದಾನ ಬಿಟ್ಟ ಭೂಮಿಯ ಎಲ್ಲೆ. ಹೆಣ್ಣಿನ ಹೆಸರು ಈ ಕೊನೆಯ ಭಾಗದಲ್ಲಷ್ಟೇ ಬಂದರೆ ಆಕೆ ದಾನಿ. ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯನ್ನು ಭಾಷಣಗಳಲ್ಲಿ ‘ಆಳಿದ ರಾಣಿ’ ಮಾಡುವವರಿದ್ದಾರೆ. 1007ರ ಶಾಸನದ ಅತ್ತಿಮಬ್ಬೆ ದಾನಚಿಂತಾಮಣಿ. ಅಷ್ಟು ದೊಡ್ಡ ಹೆಸರಿಗೆ ಮೇಲೊಂದು ಕಿರೀಟ ಬೇಕಿಲ್ಲ.

ಇನ್ನೊಂದು ತೊಡಕು ಅಂಗಭೋಗ. ಆರನೇ ವಿಕ್ರಮಾದಿತ್ಯನ ರಾಣಿ ಸಾವಳದೇವಿಗೆ ನರೆಯಂಗಲ್ಲು ಅಗ್ರಹಾರವನ್ನು ಬಿಟ್ಟುಕೊಟ್ಟದ್ದು ಅಂಗಭೋಗಕ್ಕೆ, ಅಂದರೆ ಅವಳ ಸ್ವಂತ ಖರ್ಚಿಗೆ. ಇದು ಆದಾಯದ ಹಕ್ಕು. ಅದೇ ವಿಕ್ರಮಾದಿತ್ಯನ ಪಿರಿಯರಸಿ (ಹಿರಿಯ ರಾಣಿ) ಲಕ್ಷ್ಮಾದೇವಿಯದು ಬೇರೆ ಮಾತು. 1095ರ ಡಂಬಳದ ಶಾಸನದ ಪ್ರಕಾರ ಹದಿನೆಂಟು ಅಗ್ರಹಾರಗಳೂ ಧರ್ಮವೊಳಲ್ ಎಂಬ ಪಟ್ಟಣವೂ ಅವಳ ಆಳ್ವಿಕೆಯಲ್ಲಿದ್ದವು. ಆ ಧರ್ಮವೊಳಲೇ ಇಂದಿನ ಡಂಬಳ. ಆ ಶಾಸನ ಹೇಳುವ ದತ್ತಿ ಬೌದ್ಧ ವಿಹಾರಗಳಿಗೆ, ತಾರಾದೇವಿಗೆ.

ಆಳುವುದು ಎಂದರೆ ದಿನದ ಕೆಲಸ ಏನಿರುತ್ತಿತ್ತು? ಮತ್ತೆ ಸೂಡಿಯೇ ಒಳ್ಳೆಯ ಉತ್ತರ. 1050ರ ಸುಮಾರಿನ ಶಾಸನವೊಂದರಲ್ಲಿ ಅಕ್ಕಾದೇವಿಯ ಅಧಿಕಾರಿಗಳು ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಕಟ್ಟುಪಾಡನ್ನು ಹೊಸದಾಗಿ ಬರೆದುಕೊಡುತ್ತಾರೆ. ಚೋಳರ ಜೊತೆಗಿನ ಯುದ್ಧದಲ್ಲಿ ಹಳೆಯದು ತಪ್ಪಿಹೋಗಿತ್ತು. ಯಾರು ಎಷ್ಟು ಸಿದ್ಧಾಯ (ನಿಗದಿತ ಕಂದಾಯ) ಕೊಡಬೇಕು, ಯಾರಿಗೆ ಯಾವ ಸುಂಕ ಮಾಫಿ ಎಂಬುದು ಲಿಖಿತವಾಗಿ ಇಲ್ಲದಿದ್ದರೆ ಸುಂಕದವನು ಹೇಳಿದ್ದೇ ಲೆಕ್ಕ. ಯುದ್ಧದ ಮರುವರ್ಷಗಳಲ್ಲಿ ಊರು ಎದ್ದು ನಿಲ್ಲಬೇಕಾದರೆ ಮೊದಲು ಬೇಕಾದದ್ದು ಈ ಕಾಗದ. ಅದನ್ನು ಕೊಡುವ ಅಧಿಕಾರ ಯಾರಿಗಿದೆಯೋ ಅವರೇ ಆಳುವವರು. ಇದೊಂದು ಅಳತೆಗೋಲು ಕೈಯಲ್ಲಿದ್ದರೆ ಮುಂದಿನ ಒಂಬೈನೂರು ವರ್ಷವನ್ನೂ ಅಳೆಯಬಹುದು.

ಈ ಶಾಸನಗಳನ್ನು ಮೊದಲು ಗುಡ್ಡೆ ಹಾಕಿ ನಕಲು ಮಾಡಿಸಿದವರಲ್ಲಿ ವಾಲ್ಟರ್ ಎಲಿಯಟ್ ದೊಡ್ಡ ಹೆಸರು. ದಕ್ಷಿಣ ಮರಾಠಾ ಸೀಮೆಯಲ್ಲಿ ನೌಕರಿ ಮಾಡುತ್ತ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ತೆಗೆಸಿದ. ಚಾಲುಕ್ಯ ಅರಸಿಯರು ಆಳಿದ ಸಂಗತಿ ಹೊರಜಗತ್ತಿಗೆ ಕಂಡದ್ದು ಇಂಥ ನಕಲುಗಳಿಂದ. ಇದೇ ಎಲಿಯಟ್ 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಸಹಾಯಕನಾಗಿದ್ದ, ಕಿತ್ತೂರಿನಲ್ಲಿ ಚೆನ್ನಮ್ಮನ ಕೈಸೆರೆಯಾಗಿದ್ದ.

ಕಿತ್ತೂರಿನ ಜಗಳವೂ ಕಾಗದ ಮತ್ತು ಮೊಹರಿನಿಂದಲೇ ಶುರುವಾದದ್ದು. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ, 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತ. ಸಾಯುವ ಮುನ್ನ ದತ್ತು ತೆಗೆದುಕೊಂಡಿದ್ದೇನೆ ಎಂಬ ಅವನ ಪತ್ರ ಧಾರವಾಡಕ್ಕೆ ಹೋಯಿತು. ಥ್ಯಾಕರೆ ಆ ಪತ್ರವನ್ನೇ ಅನುಮಾನಿಸಿದ: ಸಹಿ ದೇಸಾಯಿಯದೇ, ಬರೆದದ್ದು ಸಾಯುವ ಮುಂಚೆಯೋ ಆಮೇಲೋ? ದತ್ತಕ ಒಪ್ಪದೆ ಕಿತ್ತೂರಿಗೆ ಬಂದು ಅವನು ಮಾಡಿದ ಮೊದಲ ಕೆಲಸ ಖಜಾನೆಗೆ ಕಂಪನಿಯ ಮೊಹರು ಹಚ್ಚಿ ಕಾವಲು ಹಾಕಿದ್ದು. ಚೆನ್ನಮ್ಮ ಸತ್ತ ದೇಸಾಯಿಯ ಹೆಂಡತಿಯಲ್ಲ, ಮಲತಾಯಿ. ಹೆಂಡತಿ ವೀರಮ್ಮ ಬೇರೆ. ಸಂಸ್ಥಾನದ ಹಿರಿಯಳಾಗಿ ಚೆನ್ನಮ್ಮ ಆಡಳಿತ ಹಿಡಿದಿದ್ದಳು, ದತ್ತುಮಗುವಿನ ಹೆಸರಿನಲ್ಲಿ. ಮೊಹರು ಬಿದ್ದ ಖಜಾನೆ ಇಟ್ಟುಕೊಂಡು ದಂಡಿಗೆ ಸಂಬಳ ಕೊಡಲಾಗದು, ಸಂಬಳವಿಲ್ಲದ ದಂಡು ಬಹಳ ದಿನ ನಿಲ್ಲದು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು. ಬಾಗಿಲು ಒಡೆಯಲು ಬಂದ ಥ್ಯಾಕರೆ ಅಮಟೂರ ಬಾಳಪ್ಪನ ಗುಂಡಿಗೆ ಸತ್ತ. ಅವನ ಸಹಾಯಕರಾದ ಎಲಿಯಟ್, ಸ್ಟೀವನ್ಸನ್ ಸೆರೆಸಿಕ್ಕರು. ಡಿಸೆಂಬರ್ ಮೊದಲ ವಾರ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು, 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು.

ಪ್ರತಿ ಅಕ್ಟೋಬರಿನಲ್ಲಿ ವೇದಿಕೆಗಳ ಮೇಲೆ ಕೇಳಿಬರುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡಬೇಕು. ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಯಿಂದ ಕಿತ್ತೂರು ಹೋಯಿತು ಎನ್ನುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದೇ 1848ರಲ್ಲಿ. ಕಿತ್ತೂರಿನಲ್ಲಿ ನಡೆದದ್ದು ಅದಕ್ಕೂ ಇಪ್ಪತ್ತನಾಲ್ಕು ವರ್ಷ ಹಿಂದೆ, ಕಂಪನಿಗೆ ಅಂಥದೊಂದು ಲಿಖಿತ ನೀತಿಯ ಆಸರೆ ಇಲ್ಲದಾಗ.

ಆಮೇಲೆ ಮುಂಬೈ ಸರಕಾರದ ಕಾಲ. 1921ರಲ್ಲಿ ಮುಂಬೈ ಶಾಸನಸಭೆ ಹೆಣ್ಣುಮಕ್ಕಳಿಗೂ ಮತ ಕೊಡಲು ಒಪ್ಪಿತು. ಆದರೆ ಮತ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. ಹೊಲದ ಪಟ್ಟಿ ಗಂಡಸರ ಹೆಸರಿನಲ್ಲಿದ್ದ ಸೀಮೆಯಲ್ಲಿ ಇದರಿಂದ ಎಷ್ಟು ಹೆಣ್ಣುಮಕ್ಕಳು ಮತಗಟ್ಟೆಗೆ ಹೋದಾರು? ಎಲ್ಲರಿಗೂ ಮತ ಬಂದದ್ದು ಸ್ವಾತಂತ್ರ್ಯದ ನಂತರ. 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಸರೋಜಿನಿ ಮಹಿಷಿ ಲೋಕಸಭೆಗೆ ಆಯ್ಕೆಯಾದರು, ಈ ರಾಜ್ಯದ ಮೊದಲ ಸಂಸದೆ. 1967, 1971, 1977ರಲ್ಲೂ ಗೆದ್ದರು, ಕೇಂದ್ರದಲ್ಲಿ ರಾಜ್ಯ ಸಚಿವೆಯಾದರು. ಮೀಸಲಾತಿ ಇಲ್ಲದೆ, ಖಾಲಿಬಿದ್ದ ಗಂಡನ ಸೀಟಿಲ್ಲದೆ ನಾಲ್ಕು ಸಲ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಕನ್ನಡಿಗರ ಉದ್ಯೋಗದ ಕುರಿತ ‘ಮಹಿಷಿ ವರದಿ’. 1980ರಲ್ಲಿ ಆ ಸೀಟು ಕೈಬಿಟ್ಟ ಮೇಲೆ ಧಾರವಾಡದಿಂದ ಲೋಕಸಭೆಗೆ ಇನ್ನೊಬ್ಬ ಹೆಣ್ಣುಮಗಳು ಹೋಗಿಲ್ಲ. ವಿಧಾನಸಭೆಗೂ ದಾರಿ ಕಿರಿದು. 2019ರಲ್ಲಿ ಪತಿ ಸಿ.ಎಸ್. ಶಿವಳ್ಳಿ ತೀರಿಕೊಂಡ ಮೇಲೆ ಕುಂದಗೋಳದ ಉಪಚುನಾವಣೆಯಲ್ಲಿ ಕುಸುಮಾ ಶಿವಳ್ಳಿ ಗೆದ್ದರು, ಅಂತರ 1,601 ಮತ.

ದೊಡ್ಡ ಸಂಖ್ಯೆ ಬಂದದ್ದು ಕೆಳಗಿನಿಂದ. 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿತ್ತು. ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ. 1993ರ ಕಾಯ್ದೆ ಮೂರನೇ ಒಂದು ಪಾಲು ಮಾಡಿತು, ಅಧ್ಯಕ್ಷ ಸ್ಥಾನಕ್ಕೂ ಮೀಸಲು ತಂದಿತು, ಮುಂದೆ ಅದು ಶೇ 50ಕ್ಕೆ ಏರಿತು. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದಾಗ ಒಂದಿದ್ದ ಜಿಲ್ಲಾ ಪಂಚಾಯ್ತಿ ಅಧ್ಯಕ್ಷರ ಕುರ್ಚಿ ಮೂರಾಯಿತು. ಆದರೆ ಕುರ್ಚಿ ಖಾಲಿ ಇಟ್ಟರೆ ಮೀಸಲು ಯಾರಿಗೆ? 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಹುಬ್ಬಳ್ಳಿ-ಧಾರವಾಡ ಪಾಲಿಕೆಗೂ 2019ರಿಂದ 2022ರ ಮೇವರೆಗೆ ಮೇಯರ್ ಇರಲಿಲ್ಲ.

ಮೇಯರ್ ಇದ್ದರೂ ಖಜಾನೆಯ ಕೀಲಿ ಅವರ ಕೈಯಲ್ಲಿಲ್ಲ. ಪಾಲಿಕೆ ಕಾಯ್ದೆಯಲ್ಲಿ ಕಾರ್ಯಾಂಗದ ಅಧಿಕಾರ ಆಯುಕ್ತರದು, ಮೇಯರ್ ಅವಧಿ ಒಂದು ವರ್ಷ. ಗೌನ್ ಹೊಲಿಸಿ, ಕಡತ ಪರಿಚಯ ಮಾಡಿಕೊಳ್ಳುವುದರೊಳಗೆ ಮುಂದಿನ ಚುನಾವಣೆ. ಹಳ್ಳಿಯಲ್ಲಿ ಹಾಗಿಲ್ಲ. 400 ಜನಕ್ಕೆ ಒಬ್ಬರಂತೆ ಸದಸ್ಯರಿರುವ, ಆರು ಸಾವಿರ ಜನಸಂಖ್ಯೆಯ, ಹದಿನೈದು ಸದಸ್ಯರ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಗೆ ಮೇಯರ್‌ಗಿಲ್ಲದ ಒಂದು ಅಧಿಕಾರವಿದೆ: ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆ ಜಂಟಿ ಸಹಿ.

ಆ ಸಹಿ ಈಗ ಡೋಂಗಲ್ ಆಗಿದೆ. ಪೆನ್‌ಡ್ರೈವಿನಷ್ಟೇ ಗಾತ್ರದ್ದು, ಒಳಗೆ ಅಧ್ಯಕ್ಷರ ಡಿಜಿಟಲ್ ಸಹಿ, ಅದಕ್ಕೊಂದು ಪಿನ್. ಹಣಕಾಸು ಆಯೋಗದ ದುಡ್ಡಲ್ಲಿ ಒಂದು ಗಟಾರ ಕಟ್ಟಿದರೆ, ಮೊದಲು ಅದು ಸಾಮಾನ್ಯ ಸಭೆಯಲ್ಲಿ ಠರಾವಾಗಿ ಕ್ರಿಯಾ ಯೋಜನೆಯಲ್ಲಿ ಇರಬೇಕು. ಕೆಲಸ ಮುಗಿದ ಮೇಲೆ ಎಂಜಿನಿಯರ್ ಎಂ.ಬಿ. (ಅಳತೆ ಪುಸ್ತಕ) ಬರೆಯುತ್ತಾರೆ, ಬಿಲ್ಲು ತಯಾರಾಗುತ್ತದೆ, ಆನ್‌ಲೈನಿನಲ್ಲಿ ಪಿಡಿಒ ಡೋಂಗಲ್, ಆಮೇಲೆ ಅಧ್ಯಕ್ಷರ ಡೋಂಗಲ್. ಎರಡೂ ಬಿದ್ದರೆ ಮಾತ್ರ ಗುತ್ತಿಗೆದಾರನ ಖಾತೆಗೆ ದುಡ್ಡು. ಎಡವಟ್ಟಾಗುವುದು ಇಲ್ಲಿಯೇ. ಡೋಂಗಲ್ ಕಂಪ್ಯೂಟರ್ ಆಪರೇಟರನ ಡ್ರಾವರಿನಲ್ಲಿ, ಪಿನ್ ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ. ಇಲ್ಲವೇ ಎರಡೂ ಯಜಮಾನರ ಜೇಬಿನಲ್ಲಿ. ಅನುಮಾನ ಬಂದು ಕೇಳಿದರೆ ‘ಅವ್ರ ಮನಿಯವ್ರಿಗೆ ಫೋನ್ ಹಚ್ಚರಿ’ ಎಂಬ ಉತ್ತರ. ಕೆಲಸವಾಗದ ಗಟಾರಕ್ಕೆ ಬಿಲ್ಲು ಹೋಗಿ ತನಿಖೆ ಬಂದಾಗ ಯಜಮಾನರ ಹೆಸರು ಎಲ್ಲೂ ಇರುವುದಿಲ್ಲ. ನೋಟಿಸು ಬರುವುದು ಸಹಿ ಯಾರದೋ ಅವರಿಗೆ.

ಹಾಗಾಗಿ ಹೊಸದಾಗಿ ಅಧ್ಯಕ್ಷೆಯಾದವರು ಹಾರ ತುರಾಯಿ ಮುಗಿದ ಮರುದಿನವೇ ಮಾಡಬೇಕಾದ ಕೆಲಸ ಮೂರು. ಹಿಂದಿನವರ ಡೋಂಗಲ್ ನಿಷ್ಕ್ರಿಯ ಆಗಿದೆಯೇ ಎಂದು ಪಿಡಿಒರಿಂದ ಲಿಖಿತವಾಗಿ ಕೇಳಿ ಪಡೆಯಬೇಕು. ತಮ್ಮ ಡಿಜಿಟಲ್ ಸಹಿ ಮಾಡಿಸುವಾಗ ತಮ್ಮದೇ ಮೊಬೈಲ್ ನಂಬರ್ ಕೊಡಬೇಕು, ಒಟಿಪಿ ಬರುವುದು ಅದಕ್ಕೇ. ಎಂ.ಬಿ. ಮತ್ತು ಠರಾವಿನ ಪುಟ ಎರಡನ್ನೂ ಎದುರಿಗೆ ಇಡಿಸಿಕೊಂಡು, ಕೆಲಸದ ಹೆಸರೂ ಮೊತ್ತವೂ ತಾಳೆಯಾದ ಮೇಲೆಯೇ ಪಿನ್ ಒತ್ತಬೇಕು. ಹೊಸ ಸಹಿ ನೋಂದಣಿಯಾಗಿ ಮೇಲಿನಿಂದ ಒಪ್ಪಿಗೆ ಬರುವವರೆಗೆ ಬಿಲ್ಲುಗಳು ನಿಲ್ಲುತ್ತವೆ, ಗುತ್ತಿಗೆದಾರರು ಬಾಗಿಲಿಗೆ ಬರುತ್ತಾರೆ, ಹಳೆಯ ಡೋಂಗಲ್‌ನಲ್ಲೇ ಒಂದೆರಡು ಬಿಲ್ಲು ದಾಟಿಸಿಬಿಡೋಣ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅವರು ಯಾರು ಎಂಬುದನ್ನು ಅಧ್ಯಕ್ಷೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು.