ಗೈಡ್ಸ್ ಸರ್ಕಾರದ ಸಂಸ್ಥೆಯೇ?

ಪ್ರಶ್ನೆ: ಮಗಳು ನಮ್ಮೂರಿನ ಹೈಸ್ಕೂಲಿನಲ್ಲಿ ಗೈಡ್ಸ್ ಸೇರಿದ್ದಾಳೆ. ಹಿರಿಯ ಹುಡುಗಿಯೊಬ್ಬಳಿಗೆ ರಾಷ್ಟ್ರಪತಿಗಳ ಸಹಿ ಇರುವ ಸರ್ಟಿಫಿಕೇಟ್ ಬಂದಿದೆ. ಹಾಗಾದರೆ ಇದು ಸರ್ಕಾರದ್ದೇ? ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆಯಂತೆ. ನಮ್ಮಲ್ಲಿ?
– ಒಬ್ಬ ತಾಯಿ, ನಾಪೋಕ್ಲು

ಸರ್ಕಾರದ್ದಲ್ಲ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ 1860ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡ ಸಂಘ. ಸರ್ಕಾರ ಮಾನ್ಯತೆ ಕೊಟ್ಟಿದೆ, ಅನುದಾನ ಕೊಡುತ್ತದೆ, ಅಷ್ಟೇ. ಕೊಡವ ಸಮಾಜಕ್ಕೋ ಗೌಡ ಸಮಾಜಕ್ಕೋ ಬೈಲಾ, ಮಹಾಸಭೆ, ಆಡಳಿತ ಮಂಡಳಿ ಇರುವ ಹಾಗೆಯೇ ಇದಕ್ಕೂ ತನ್ನದೇ ನಿಯಮಾವಳಿ ಇದೆ. ಸಂಸತ್ತು ಇದಕ್ಕೆಂದು ಪ್ರತ್ಯೇಕ ಕಾಯ್ದೆ ಮಾಡಿಲ್ಲ.

ಸಹಿಯ ವಿಷಯಕ್ಕೆ ಬಂದರೆ, ರಾಷ್ಟ್ರಪತಿಗಳು ಸಂಸ್ಥೆಯ ಪೋಷಕರು. ಅದು ಗೌರವದ ಸ್ಥಾನ. ಆಡಳಿತ ನಡೆಯುವುದು ರಾಷ್ಟ್ರೀಯ ಕೌನ್ಸಿಲ್, ಕಾರ್ಯಕಾರಿ ಸಮಿತಿ ಮತ್ತು ಮುಖ್ಯ ರಾಷ್ಟ್ರೀಯ ಆಯುಕ್ತರಿಂದ. ಅದರ ಕೆಳಗೆ ರಾಜ್ಯ, ಜಿಲ್ಲೆ, ಸ್ಥಳೀಯ ಸಂಸ್ಥೆ. ಈ ‘ಆಯುಕ್ತ’ ಪದ ಕೊಡಗಿನ ಹಿರಿಯರನ್ನು ದಾರಿ ತಪ್ಪಿಸುತ್ತದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮಲ್ಲಿ ಚೀಫ್ ಕಮಿಷನರ್ ಅಂದರೆ ಸರ್ಕಾರವೇ ಆಗಿತ್ತಲ್ಲ! ಸ್ಕೌಟ್ಸ್‌ನ ಮುಖ್ಯ ಆಯುಕ್ತರಿಗೆ ಅಂಥ ಅಧಿಕಾರವಿಲ್ಲ.

ಬಾಲಕಿಯರಿಗೆ ಬೇರೆ ಸಂಸ್ಥೆ ಏಕಿಲ್ಲ ಎಂದೂ ಹಲವರು ಕೇಳುತ್ತಾರೆ. ಮೊದಲು ಇತ್ತು. 1911ರಲ್ಲಿ ಜಬಲ್ಪುರದಲ್ಲಿ ಗೈಡ್ಸ್ ಶುರುವಾಯಿತು. 1950ರ ನವೆಂಬರ್ 7ರಂದು ಸ್ಕೌಟ್ ಸಂಸ್ಥೆಗಳು ಒಂದಾದವು. ಗರ್ಲ್ ಗೈಡ್ಸ್ ಸಂಸ್ಥೆ ತಡೆದು, 1951ರ ಆಗಸ್ಟ್ 15ರಂದು ಸೇರಿತು. ಮನೆ ಒಂದೇ ಆದರೂ ಗೈಡ್ ವಿಭಾಗಕ್ಕೆ ಈಗಲೂ ತನ್ನದೇ ಆಯುಕ್ತರಿದ್ದಾರೆ. ಇದು ಒಳ್ಳೆಯ ಏರ್ಪಾಡು ಎಂದೇ ನನ್ನ ಅಭಿಪ್ರಾಯ. ಹೆಣ್ಣುಮಕ್ಕಳ ಶಿಬಿರದ ಬೇಕು-ಬೇಡ ಹೆಂಗಸರ ಕೈಯಲ್ಲೇ ಇರಬೇಕು.

ಅಮೆರಿಕದ್ದು ನೀವು ಕೇಳಿದ್ದು ನಿಜ. ಜೂಲಿಯೆಟ್ ಗಾರ್ಡನ್ ಲೋ 1912ರಲ್ಲಿ ಸವಾನಾದಲ್ಲಿ ಹುಟ್ಟುಹಾಕಿದ ಗರ್ಲ್ ಸ್ಕೌಟ್ಸ್‌ಗೆ 1950ರ ಮಾರ್ಚ್ 16ರಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನಿನ ಮೂಲಕ ಸನ್ನದು ಕೊಟ್ಟಿತು. ರಾಷ್ಟ್ರೀಯ ಕೌನ್ಸಿಲ್ಲೇ ಸರ್ವೋಚ್ಚ, ಲಾಂಛನ ಮತ್ತು ಬ್ಯಾಡ್ಜು ಬೇರೆ ಯಾರೂ ಬಳಸುವಂತಿಲ್ಲ, ವರ್ಷವರ್ಷ ಕಾಂಗ್ರೆಸ್ಸಿಗೆ ವರದಿ ಒಪ್ಪಿಸಬೇಕು ಎಂದೆಲ್ಲ ಅದರಲ್ಲಿದೆ. ಅಷ್ಟಾದರೂ ಅದು ಸರ್ಕಾರಿ ಇಲಾಖೆಯಾಗಲಿಲ್ಲ. ಬ್ರಿಟನ್ನಿನ ಗೈಡ್ಸ್‌ಗೆ 1922ರಲ್ಲಿ ರಾಜಸನ್ನದು ಸಿಕ್ಕಿತು.

ನಿಮಗೆ ಕೆಲಸಕ್ಕೆ ಬರುವ ಮಾತು ಬೇರೆಯೇ ಇದೆ. ಶಾಲೆಯ ಕಂಪನಿ, ಅಂದರೆ ಗೈಡ್‌ಗಳ ಘಟಕ, ಪ್ರತಿವರ್ಷ ನೋಂದಣಿ ನವೀಕರಿಸಬೇಕು, ಅದನ್ನು ನಡೆಸುವ ಕ್ಯಾಪ್ಟನ್ ತರಬೇತಿ ಪಡೆದವರಾಗಿರಬೇಕು. ಇವೆರಡನ್ನೂ, ಕಟ್ಟಿದ ಹಣಕ್ಕೆ ರಸೀದಿಯನ್ನೂ ಕೇಳಿ. ಕೇಳುವುದು ಅವಮಾನವಲ್ಲ. ಉತ್ತರ ಸಿಗದಿದ್ದರೆ ಸ್ಥಳೀಯ ಸಂಸ್ಥೆಗೆ, ಆಮೇಲೆ ಮಡಿಕೇರಿಯಲ್ಲಿ ಜಿಲ್ಲಾ ಸಂಸ್ಥೆಗೆ ಬರೆದುಕೊಡಿ.

ಆಡಳಿತ ದೆಹಲಿಯಲ್ಲಿ ಮಾತ್ರ ನಡೆಯುವುದಿಲ್ಲ. ಆರೆಂಟು ಹುಡುಗಿಯರ ಒಂದೊಂದು ಪಟ್ರೋಲ್. ಗುಲಾಬಿ, ಕಮಲ ಎಂದು ಹೂವಿನ ಹೆಸರು. ಪಟ್ರೋಲ್ ಲೀಡರ್‌ಗಳೆಲ್ಲ ಕೂತು ತೀರ್ಮಾನಿಸುವ ಸಭೆಗೆ ಕೋರ್ಟ್ ಆಫ್ ಆನರ್ ಎನ್ನುತ್ತಾರೆ. ಜುಲೈ ಮಳೆ ಶೀಟಿನ ಮೇಲೆ ಬಡಿಯುತ್ತಿರುವಾಗ ಶಾಲೆಯ ಜಗಲಿಯಲ್ಲಿ ಅಂಥ ಸಭೆ ನಡೆಯುವುದನ್ನು ನೋಡಿದ್ದೇನೆ. ಹದಿಮೂರರ ಹುಡುಗಿ ನೋಟ್‌ಬುಕ್ ಮೊಣಕಾಲ ಮೇಲಿಟ್ಟು ನಡಾವಳಿ ಬರೆಯುತ್ತಿದ್ದಳು, ಕ್ಯಾಪ್ಟನ್ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ನಿಮ್ಮ ಮಗಳ ಕಂಪನಿಯಲ್ಲೂ ಆ ಪುಸ್ತಕ ಇದೆಯೇ, ವಿಚಾರಿಸಿ ನೋಡಿ.